ಭಾರದ ಮೆಷಿನ್‌ಗೆ ಚಕ್ರದ ಬೇಸ್: ಯಾವ ಮೆಷಿನ್‌ಗೆ ಯಾವುದು ಸರಿ?

ಕಾರ್ ಶೆಡ್ಡೇ ವರ್ಕ್‌ಶಾಪ್ ಆಗಿರುವ ಮನೆಗಳಲ್ಲಿ ಈ ತಾಪತ್ರಯ ತಪ್ಪಿದ್ದಲ್ಲ. ಹಗಲು ಪ್ಲೇನಿಂಗ್ ಮೆಷಿನ್ (ಹಲಗೆಯ ಮೈ ಹೆರೆದು ನುಣುಪು ಮಾಡುವ ಮೆಷಿನ್) ಶೆಡ್ಡಿನ ನಡುವೆ ಇರಬೇಕು, ಏಳೆಂಟು ಅಡಿಯ ಹಲಗೆ ಆ ಕಡೆಯಿಂದ ಈ ಕಡೆಗೆ ದಾಟಲು ಜಾಗ ಬೇಕು. ಸಂಜೆ ಕಾರು ಒಳಗೆ ಬರಬೇಕು, ಅಷ್ಟರೊಳಗೆ ಮೆಷಿನ್ ಗೋಡೆ ಸೇರಿರಬೇಕು. ಎರಕದ ಕಬ್ಬಿಣದ ಮೆಷಿನ್ ಅಂದರೆ 250, 300 ಕೆಜಿ ಸಾಮಾನ್ಯ. ಅದನ್ನು ದಿನಾ ಎಳೆದಾಡಿದರೆ ಮೊದಲು ಸೊಂಟ ಹೋಗುತ್ತದೆ, ಆಮೇಲೆ ನೆಲದ ಟೈಲ್ಸ್. ರೆಡಿಮೇಡ್ ಬೇಸ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಇಲ್ಲ ಅಂತಲ್ಲ. ಆದರೆ ನಮ್ಮ ಲೋಕಲ್ ಮೆಷಿನ್‌ಗಳ ಕಾಲಿನ ಅಳತೆಗೆ ಅವು ಸರಿಯಾಗಿ ಕೂತರೆ ಅದೃಷ್ಟ. ಹಾಗಾಗಿ ನಾವೇ ಮಾಡಿಕೊಳ್ಳುವುದು, ಅಥವಾ ಬೀದಿ ತುದಿಯ ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸುವುದು.

ಎಲ್ಲರೂ ಮೊದಲು ಕೇಳುವುದು "ಎಷ್ಟು ಇಂಚಿನ ಚಕ್ರ ಹಾಕಿಸಲಿ?" ಅಂತ. ನನ್ನ ಪ್ರಕಾರ ಅದು ಆಮೇಲಿನ ಪ್ರಶ್ನೆ. ಮೊದಲು ತೀರ್ಮಾನ ಆಗಬೇಕಾದ್ದು, ಕೆಲಸ ಮಾಡುವಾಗ ಮೆಷಿನ್ ಯಾವುದರ ಮೇಲೆ ನಿಂತಿರುತ್ತದೆ? ಚಕ್ರದ ಮೇಲೋ, ಕಾಲಿನ ಮೇಲೋ? ಚಕ್ರದ ಮೇಲೇ ನಿಂತರೆ ಬ್ರೇಕ್ ಎಷ್ಟೇ ಒಳ್ಳೆಯದಿರಲಿ, ಹಲಗೆ ತಳ್ಳುವಾಗ ಒಂದು ಸಣ್ಣ ಓಲಾಟ ಇದ್ದೇ ಇರುತ್ತದೆ. ಓಡಾಡುವಾಗ ಮಾತ್ರ ಚಕ್ರ, ಕೆಲಸದ ಹೊತ್ತಿಗೆ ಭಾರ ಪೂರ್ತಿ ನೆಲಕ್ಕೆ. ಹೀಗಿರುವ ಬೇಸ್ ಮಾಡುವುದು ಸ್ವಲ್ಪ ಕಷ್ಟ, ಆದರೆ 150 ಕೆಜಿ ದಾಟಿದ ಯಾವ ಮೆಷಿನ್‌ಗೂ ನಾನು ಅದನ್ನೇ ಹೇಳುತ್ತೇನೆ. ಇನ್ನೊಂದು ವಿಷಯ, ಎಷ್ಟು ಸಲ ಸರಿಸುತ್ತೀರಿ ಅನ್ನುವುದು. ದಿನಾ ಸರಿಸುವ ಮೆಷಿನ್‌ಗೂ ವರ್ಷಕ್ಕೊಮ್ಮೆ ಸುಣ್ಣಬಣ್ಣಕ್ಕೆ ಅಂತ ಸರಿಸುವ ಮೆಷಿನ್‌ಗೂ ಒಂದೇ ಬೇಸ್ ಮಾಡಿಸುವುದು ಸುಮ್ನೆ ದುಡ್ಡು ದಂಡ.

ಮೊದಲು ನೆಲ ನೋಡಿ

ಬೇಸ್ ಬಗ್ಗೆ ಯೋಚಿಸುವ ಮೊದಲು ನೆಲದ ಮೇಲೆ ರಸಮಟ್ಟ ಇಟ್ಟು ನೋಡಿ. ಕಾರ್ ಶೆಡ್ಡಿನ ನೆಲ ಮಟ್ಟವಾಗಿ ಇರುವುದೇ ಅಪರೂಪ. ತೊಳೆದ ನೀರು ಹೊರಗೆ ಹೋಗಲಿ ಅಂತ ಗೇಟಿನ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ಕಾಲಿನ ಮೇಲೆ ನಿಂತ ಮೆಷಿನ್‌ಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಅದೇ ಮೆಷಿನ್ ಒಳ್ಳೆಯ ಬೇರಿಂಗ್ ಇರುವ ಚಕ್ರದ ಮೇಲಿದ್ದರೆ, ಬ್ರೇಕ್ ಒತ್ತುವುದು ಮರೆತ ದಿನ ಅದು ತಾನೇ ರಸ್ತೆ ಕಡೆಗೆ ಹೊರಡುತ್ತದೆ.

ನೆಲ ಯಾವುದರದ್ದು ಅನ್ನುವುದೂ ಮುಖ್ಯ. ಸಿಮೆಂಟ್ ಗಾರೆ ಚೆನ್ನಾಗಿ ಆಗಿದ್ದರೆ ಯಾವ ಚಕ್ರವೂ ನಡೆಯುತ್ತದೆ. ಶಹಾಬಾದ್ ಕಲ್ಲು ಹಾಸಿದ್ದರೆ ಕಲ್ಲಿನ ನಡುವಿನ ಸಂದು ನೋಡಿ, 2 ಇಂಚಿನ ಚಕ್ರ ಅಲ್ಲಿ ಸಿಕ್ಕಿಬೀಳುತ್ತದೆ. ಪೇವರ್ ಬ್ಲಾಕ್ ನೆಲ ಎಲ್ಲಕ್ಕಿಂತ ಕೆಟ್ಟದ್ದು, ಪ್ರತಿ ಬ್ಲಾಕಿಗೂ ಒಂದು ಸಂದು, ಕೆಳಗೆ ಮರಳು ಕುಸಿದ ಕಡೆ ಒಂದು ಹಳ್ಳ. ಅಲ್ಲಿ 5 ಇಂಚಿಗಿಂತ ಚಿಕ್ಕ ಚಕ್ರದ ಮಾತೇ ಬೇಡ. ವಿಟ್ರಿಫೈಡ್ ಟೈಲ್ಸ್ ನುಣುಪು, ಓಡುವುದು ಸಲೀಸು, ಆದರೆ ಕಬ್ಬಿಣದ ಚಕ್ರ ಅದರ ಅಂಚು ಒಡೆಯುತ್ತದೆ. ಕೆಳಗೆ ಸಿಮೆಂಟ್ ಸರಿಯಾಗಿ ತುಂಬದ ಟೈಲ್ಸ್ ಅನ್ನು ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಅಂಥದರ ಮೇಲೆ ಭಾರದ ಮೆಷಿನ್ ಓಡಾಡುವ ದಾರಿ ಇರಬಾರದು.

ಕಾಲಿಗೇ ನೇರವಾಗಿ ನಾಲ್ಕು ಚಕ್ರ

ಸುಲಭದ್ದು ಇದು. ಮೆಷಿನ್ ಸ್ಟ್ಯಾಂಡಿನ ನಾಲ್ಕು ಕಾಲಿಗೆ ನಾಲ್ಕು ಕ್ಯಾಸ್ಟರ್ (ಮೇಲೆ ತಟ್ಟೆ ಸಮೇತ ಬರುವ ಚಕ್ರ) ಬೋಲ್ಟ್ ಮಾಡಿ, ಎರಡಕ್ಕೋ ನಾಲ್ಕಕ್ಕೋ ಬ್ರೇಕ್. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಗ್ರೈಂಡರ್ ಸ್ಟ್ಯಾಂಡ್, ವೆಲ್ಡಿಂಗ್ ಟ್ರಾಲಿ, ಹೊಟ್ಟು ಎಳೆಯುವ ಡಸ್ಟ್ ಕಲೆಕ್ಟರ್, ಇವಕ್ಕೆ ಇಷ್ಟು ಸಾಕು. ಇವುಗಳ ಮೇಲೆ ನಾವು ಏನನ್ನೂ ಜೋರಾಗಿ ತಳ್ಳುವುದಿಲ್ಲವಲ್ಲ.

ಇದೇ ಉಪಾಯ ಪ್ಲೇನಿಂಗ್ ಮೆಷಿನ್‌ಗೋ ಟೇಬಲ್ ಸಾಗೋ ಮಾಡಿದರೆ ಎರಡು ತೊಂದರೆ. ಮೊದಲನೆಯದು ಎತ್ತರ. 4 ಇಂಚಿನ ಕ್ಯಾಸ್ಟರ್ ಅಂದರೆ ಚಕ್ರ 4 ಇಂಚು, ತಟ್ಟೆ ಸೇರಿ ಒಟ್ಟು ಎತ್ತರ ಐದು ಇಂಚು ದಾಟುತ್ತದೆ. ಸೊಂಟದ ಮಟ್ಟಕ್ಕಿದ್ದ ಟೇಬಲ್ ಹೊಟ್ಟೆಯ ಮಟ್ಟಕ್ಕೆ ಬರುತ್ತದೆ, ಹಲಗೆ ಮೇಲೆ ಭಾರ ಹಾಕಿ ಒತ್ತಲು ಆಗುವುದಿಲ್ಲ. ಎರಡನೆಯದು ಬ್ರೇಕ್. ಅಂಗಡಿಯಲ್ಲಿ ಸಿಗುವ ಅಗ್ಗದ ಕ್ಯಾಸ್ಟರ್‌ನ ಬ್ರೇಕ್ ಚಕ್ರ ಉರುಳುವುದನ್ನು ಮಾತ್ರ ತಡೆಯುತ್ತದೆ, ತಲೆ (ತಟ್ಟೆಯ ಕೆಳಗೆ ಚಕ್ರ ಹಿಡಿದಿರುವ ಭಾಗ) ತಿರುಗುವುದನ್ನಲ್ಲ. ಇದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಬ್ರೇಕ್ ಒತ್ತಿ, ಒಂದು ಕೈಯಲ್ಲಿ ಮೇಲಿನ ತಟ್ಟೆ, ಇನ್ನೊಂದರಲ್ಲಿ ಚಕ್ರ ಹಿಡಿದು ಎಡಕ್ಕೆ ಬಲಕ್ಕೆ ತಿರುಚಿ ನೋಡಿ. ತಿರುಗಿದರೆ ಅದು ಅರ್ಧ ಬ್ರೇಕ್. ಮೆಷಿನ್ ಅಲ್ಲಾಡುವುದು ಅಲ್ಲಿಂದಲೇ. ತಲೆಯನ್ನೂ ಚಕ್ರವನ್ನೂ ಒಟ್ಟಿಗೆ ಹಿಡಿಯುವ ಬ್ರೇಕ್ ಬೇರೆ ಸಿಗುತ್ತದೆ, ಟೋಟಲ್ ಲಾಕ್ ಅಂತ ಕೇಳಿ, ರೇಟು ಜಾಸ್ತಿ. ಅದನ್ನೇ ಕೊಳ್ಳಿ.

ತಗ್ಗಿನ ಆ್ಯಂಗಲ್ ಫ್ರೇಮ್

ಎತ್ತರದ ತಲೆನೋವು ಬೇಡ ಅನ್ನುವವರಿಗೆ ಇದು. 40x40x5 ಅಥವಾ 50x50x5 ಎಂಎಂ ಆ್ಯಂಗಲ್‌ನಲ್ಲಿ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಒಂದು ಚೌಕಟ್ಟು, ಆ್ಯಂಗಲ್‌ನ ಮಲಗಿದ ಪಟ್ಟಿ ಒಳಮುಖವಾಗಿ ನೆಲಕ್ಕೆ ಹತ್ತಿರ, ನಿಂತ ಪಟ್ಟಿ ಹೊರಗಡೆ ಗೋಡೆಯ ಹಾಗೆ. ಮೆಷಿನ್ ಕಾಲು ಆ ಮಲಗಿದ ಪಟ್ಟಿಯ ಮೇಲೆ ಕೂರುತ್ತದೆ. ಕ್ಯಾಸ್ಟರ್‌ಗಳು ಕೆಳಗಲ್ಲ, ಚೌಕಟ್ಟಿನ ಮೂಲೆಗಳಿಂದ ಹೊರಗೆ ಚಾಚಿದ ತುಂಡುಗಳ ಕೆಳಗೆ. ಹಾಗಾಗಿ 4 ಇಂಚಿನ ಚಕ್ರ ಹಾಕಿದರೂ ಮೆಷಿನ್ ಏರುವುದು ಮುಕ್ಕಾಲು ಇಂಚಿನಷ್ಟೇ, ಅಂದರೆ ಪಟ್ಟಿಯ ದಪ್ಪ ಮತ್ತು ನೆಲಕ್ಕೆ ತಾಗದಿರಲು ಬೇಕಾದ ಸಂದು. ಚಕ್ರಗಳು ಹೊರಗಿರುವುದರಿಂದ ಉರುಳುವ ಭಯವೂ ಕಡಿಮೆ. ಆದರೆ ಆ ಚಾಚಿದ ಮೂಲೆಗಳಿಗೆ ಕಾಲು ಎಡವುವುದು ಗ್ಯಾರಂಟಿ. ನೀವು ನಿಂತು ಕೆಲಸ ಮಾಡುವ ಬದಿಗೆ ಚಾಚದ ಹಾಗೆ, ಎರಡು ಪಕ್ಕಕ್ಕೆ ಮಾತ್ರ ಚಾಚುವಂತೆ ಮಾಡಿಸಿ.

ಲೆಕ್ಕಕ್ಕೆ ಹೇಳಬೇಕೆಂದರೆ 50x50x5 ಆ್ಯಂಗಲ್ ಮೀಟರಿಗೆ 3.8 ಕೆಜಿ ತೂಗುತ್ತದೆ. 900x600 ಎಂಎಂ ಚೌಕಟ್ಟಿಗೆ 3 ಮೀಟರ್, ಅಂದರೆ ಸುಮಾರು 11.5 ಕೆಜಿ, ಮೂಲೆಯ ತುಂಡುಗಳು ಬೇರೆ. ಗುಜರಿ ಅಂಗಡಿಯಲ್ಲಿ ಹಳೆಯ ಆ್ಯಂಗಲ್ ಕೆಜಿ ಲೆಕ್ಕದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು, ಬಾಗಿಲ್ಲವೇ ಅಂತ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ ತನ್ನಿ. ವೆಲ್ಡಿಂಗ್ ಮಾಡುವವರು ಒಂದು ಮೂಲೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಫ್ರೇಮ್ ತಿರುಚಿಕೊಳ್ಳುತ್ತದೆ. ಮೊದಲು ನಾಲ್ಕೂ ಮೂಲೆಗೆ ಬರೀ ಚುಕ್ಕೆ ಹಾಕಿಸಿ, ಕರ್ಣದ ಅಳತೆ ಎರಡೂ ಒಂದೇ ಇದೆಯಾ ನೋಡಿ, ಆಮೇಲೆ ಪೂರ್ತಿ ವೆಲ್ಡ್. ಒಂದು ಮೂಲೆ 3 ಎಂಎಂ ಎದ್ದಿದ್ದರೆ ಸಾಕು, ಮೆಷಿನ್ ಕುಂಟುತ್ತದೆ.

ಕೆಲಸದ ಹೊತ್ತಿಗೆ ಭಾರ ನೆಲಕ್ಕೆ ಇಳಿಸಲು ಇದಕ್ಕೇ ನಾಲ್ಕು ಮೂಲೆಗೆ ಜಾಕಿ ಬೋಲ್ಟ್ (ತಿರುಗಿಸಿದರೆ ಕೆಳಗಿಳಿದು ನೆಲಕ್ಕೆ ಒತ್ತುವ ಬೋಲ್ಟ್) ಕೊಡಬಹುದು. ಎಂ16 ಬೋಲ್ಟ್‌ನ ಮರೆ ಸುತ್ತಿಗೆ 2 ಎಂಎಂ, ಐದು ಸುತ್ತಿಗೆ 10 ಎಂಎಂ. ಕಾಗದದ ಮೇಲೆ ಇದು ತುಂಬಾ ಚೆನ್ನಾಗಿದೆ, ರಸಮಟ್ಟ ಇಟ್ಟು ಮಟ್ಟ ಮಾಡುವುದೂ ಆಗುತ್ತದೆ. ಆದರೆ ನಾಲ್ಕು ಬೋಲ್ಟ್, ಪ್ರತಿಯೊಂದಕ್ಕೂ ಸ್ಪ್ಯಾನರ್ ಹಿಡಿದು ಬಗ್ಗಿ ಐದು ಸುತ್ತು, ಮತ್ತೆ ಸಂಜೆ ಐದು ಸುತ್ತು. ಯಾರು ಮಾಡುತ್ತಾರೆ ಹೇಳಿ? ಮೊದಲ ವಾರ ಮಾಡುತ್ತಾರೆ. ಆಮೇಲೆ "ಈ ಒಂದೇ ಹಲಗೆ ತಾನೇ" ಅಂತ ಚಕ್ರದ ಮೇಲೇ ಕೆಲಸ ಶುರು. ತಿಂಗಳಿಗೊಮ್ಮೆ ಸರಿಸುವ ಮೆಷಿನ್‌ಗೆ ಜಾಕಿ ಬೋಲ್ಟ್ ಸರಿ. ದಿನದ ಓಡಾಟಕ್ಕಲ್ಲ.

ಎರಡು ಚಕ್ರ, ಒಂದು ಮೀಟುಗೋಲು

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಜನ ಇದನ್ನು ಕಡಿಮೆ ಮಾಡುತ್ತಾರೆ, ಯಾಕೋ ಗೊತ್ತಿಲ್ಲ.

ಮೆಷಿನ್‌ನ ಹಿಂಬದಿಗೆ ಎರಡು ಫಿಕ್ಸೆಡ್ ಚಕ್ರ, ತಲೆ ತಿರುಗದವು. ಮುಂಬದಿಗೆ ಚಕ್ರವಿಲ್ಲ, ಒಂದು ಕೊಕ್ಕೆ ಅಥವಾ ಪೈಪಿನ ತುಂಡು ಮಾತ್ರ. ಮಾಮೂಲಿ ಹೊತ್ತಿನಲ್ಲಿ ಮೆಷಿನ್ ತನ್ನ ಕಾಲಿನ ಮೇಲೇ ನಿಂತಿರುತ್ತದೆ, ಚಕ್ರ ನೆಲಕ್ಕೆ ಕೂದಲೆಳೆಯಷ್ಟು ಮೇಲಿರುತ್ತದೆ. ಸರಿಸಬೇಕಾದಾಗ ಒಂದು ಉದ್ದ ಹ್ಯಾಂಡಲ್ ತಂದು ಮುಂದಿನ ಕೊಕ್ಕೆಗೆ ಸಿಕ್ಕಿಸಿ ಒತ್ತಿದರೆ ಮುಂಭಾಗ ಎದ್ದು, ಹಿಂದೆ ಭಾರ ಚಕ್ರದ ಮೇಲೆ ಬೀಳುತ್ತದೆ. ಹ್ಯಾಂಡಲ್‌ಗೂ ತನ್ನದೇ ಎರಡು ಚಕ್ರ, ಅದೇ ಆನಿಕೆ. ಹಾಗೇ ಎಳೆದುಕೊಂಡು ಹೋಗುವುದು.

ಬಲದ ಲೆಕ್ಕ ನೋಡಿ. ಮೆಷಿನ್ 300 ಕೆಜಿ, ಮುಂದಿನ ಕಾಲಿಗೂ ಹಿಂದಿನ ಕಾಲಿಗೂ 800 ಎಂಎಂ ಅಂತರ, ಭಾರ ಸರಿಯಾಗಿ ನಡುವೆ ಅಂತ ಇಟ್ಟುಕೊಳ್ಳಿ. ಚಕ್ರದ ಅಚ್ಚು ಹಿಂದಿನ ಕಾಲಿಂದ 120 ಎಂಎಂ ಹಿಂದೆ. ಆಗ ಮುಂದಿನ ತುದಿಯಲ್ಲಿ ಎತ್ತಬೇಕಾದ ಭಾರ ಸುಮಾರು 170 ಕೆಜಿ. ಹ್ಯಾಂಡಲ್‌ನ ಆನಿಕೆಯಿಂದ ಕೊಕ್ಕೆಗೆ 100 ಎಂಎಂ, ಕೈಗೆ 1200 ಎಂಎಂ ಇದ್ದರೆ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಕೈಯಲ್ಲಿ ಒತ್ತಬೇಕಾದ್ದು 14 ಕೆಜಿಯಷ್ಟು. ಮನೆಯಲ್ಲಿ ಯಾರು ಬೇಕಾದರೂ ಒತ್ತಬಹುದು.

ಒಂದು ಸೂಕ್ಷ್ಮ ಮಾತ್ರ ಎಲ್ಲರೂ ಬಿಟ್ಟುಬಿಡುತ್ತಾರೆ. ಚಕ್ರವನ್ನು ಹಿಂದಿನ ಕಾಲಿಗೆ ಅಂಟಿಸಿದ ಹಾಗೆ ಹಾಕಿದರೆ ಮುಂಭಾಗ ಎಷ್ಟು ಎತ್ತಿದರೂ ಹಿಂದಿನ ಕಾಲು ನೆಲ ಬಿಡುವುದೇ ಇಲ್ಲ, ಗೀರುತ್ತಾ ಬರುತ್ತದೆ. ಕಾಲಿಂದ 100ರಿಂದ 120 ಎಂಎಂ ಹಿಂದಕ್ಕೆ ಅಚ್ಚು ಇರಬೇಕು. ಆಗ ಮುಂದೆ 50 ಎಂಎಂ ಎತ್ತಿದರೆ ಹಿಂದಿನ ಕಾಲು ಐದಾರು ಎಂಎಂ ಏಳುತ್ತದೆ, ಮಟ್ಟದ ನೆಲಕ್ಕೆ ಅಷ್ಟು ಸಾಕು. ಇನ್ನು ಆ ಕೂದಲೆಳೆಯ ಸಂದು ಬಿಡುವುದು ಹೇಗೆ? ಮೆಷಿನ್ ಅದರ ಜಾಗದಲ್ಲಿ ನಿಂತಿರುವಾಗಲೇ ಚಕ್ರದ ಕೆಳಗೆ ಒಂದು ಹಳೆಯ ಹ್ಯಾಕ್‌ಸಾ ಬ್ಲೇಡ್ ಮಲಗಿಸಿ, ಚಕ್ರ ಅದರ ಮೇಲೆ ಕೂತಿರುವ ಹಾಗೆ ಬ್ರಾಕೆಟ್ ಹಿಡಿದು ಬೋಲ್ಟ್ ಬಿಗಿ ಮಾಡಿ. ಬ್ಲೇಡ್ ಎಳೆದು ತೆಗೆದರೆ ಅರ್ಧ ಎಂಎಂ ಮೇಲ್ಪಟ್ಟ ಸಂದು ಉಳಿಯುತ್ತದೆ. ಬ್ರಾಕೆಟ್‌ನ ತೂತು ಉದ್ದುದ್ದ ಇದ್ದರೆ ಮುಂದೆ ಹೊಂದಿಸಲೂ ಬರುತ್ತದೆ.

ಇದರಲ್ಲಿ ಚಕ್ರಗಳು ಸದಾ ಭಾರ ಹೊರುವುದಿಲ್ಲ, ಹಾಗಾಗಿ ಬ್ರೇಕ್ ಬೇಡ, ದುಬಾರಿ ಚಕ್ರವೂ ಬೇಡ. ಹ್ಯಾಂಡಲ್ ಒಂದೇ ಸಾಕು, ಎಲ್ಲ ಮೆಷಿನ್‌ಗೂ ಒಂದೇ ಅಳತೆಯ ಕೊಕ್ಕೆ ಕೊಟ್ಟರೆ ಆಯಿತು. ಕುಂದು ಅಂದರೆ ಅಡ್ಡಡ್ಡ ಸರಿಸಲು ಬರುವುದಿಲ್ಲ. ಕಾರು ಪಾರ್ಕ್ ಮಾಡಿದ ಹಾಗೆ ಹಿಂದೆ ಮುಂದೆ ಹೋಗಿ ತಿರುಗಿಸಬೇಕು. ಮೆಷಿನ್ ಮುಂದೆ ಹ್ಯಾಂಡಲ್ ಹಿಡಿದು ನಿಲ್ಲಲು ನಾಲ್ಕೈದು ಅಡಿ ಜಾಗವೂ ಬೇಕು. ಹತ್ತು ಅಡಿ ಅಗಲದ ಶೆಡ್ಡಿನಲ್ಲಿ ನಡೆಯುತ್ತದೆ, ಅದಕ್ಕಿಂತ ಇಕ್ಕಟ್ಟಾದರೆ ಕಷ್ಟ.

ಕಾಲಲ್ಲಿ ತುಳಿದು ಎಬ್ಬಿಸುವ ಬೇಸ್

ಇದು ವರ್ಕ್‌ಬೆಂಚ್‌ಗಳಲ್ಲಿ ಜಾಸ್ತಿ ಕಾಣುತ್ತದೆ. ಎರಡು ಕ್ಯಾಸ್ಟರ್ ಹೊತ್ತ ಒಂದು ಹಲಗೆ, ಅದು ಬೆಂಚಿನ ಕಾಲಿಗೆ ಹಿಂಜಸ್‌ನಲ್ಲಿ ಜೋತುಬಿದ್ದಿರುತ್ತದೆ. ತುಳಿದರೆ ಚಕ್ರ ನೆಲಕ್ಕೆ ಒತ್ತಿ ಬೆಂಚು ಎದ್ದು ನಿಲ್ಲುತ್ತದೆ, ಒಂದು ಮರದ ತುಂಡು ಹಿಂದಿನಿಂದ ಬಿದ್ದು ಅದನ್ನು ಹಾಗೇ ಹಿಡಿಯುತ್ತದೆ. ತುಂಡು ಒದ್ದು ತಪ್ಪಿಸಿದರೆ ಬೆಂಚು ದಡ್ ಅಂತ ನೆಲಕ್ಕೆ. ನೋಡಲು ಮಜಾ ಇದೆ, ಚಿಕ್ಕ ಮಕ್ಕಳು ಇರುವ ಮನೆಯಲ್ಲಿ ಆ ದಡ್ ಅನ್ನುವುದೇ ಅಪಾಯ.

ನಮ್ಮ ಮೈಭಾರವೇ ಇಲ್ಲಿ ಎತ್ತುವ ಬಲ, ಹಾಗಾಗಿ 150ರಿಂದ 200 ಕೆಜಿಯವರೆಗೆ ಸರಿ. ಅದಕ್ಕಿಂತ ಮೇಲೆ ಹಿಂಜಸ್ ತಡೆಯುವುದಿಲ್ಲ. ಬಾಗಿಲಿನ ಹಿಂಜಸ್ ಅನ್ನು ಸ್ಕ್ರೂನಲ್ಲಿ ಕೂರಿಸಿದರೆ ಮಳೆಗಾಲ ಕಳೆಯುವುದರೊಳಗೆ ಕಿತ್ತು ಬರುತ್ತದೆ. ಆರಪಾರ ಬೋಲ್ಟ್ ಹಾಕಿ, ಹಿಂದೆ ದೊಡ್ಡ ವಾಷರ್ ಕೊಡಿ.

ಪ್ಯಾಲೆಟ್ ಟ್ರಕ್: ಚಕ್ರವನ್ನೇ ಮೆಷಿನ್‌ನಿಂದ ಬೇರೆ ಮಾಡುವುದು

ಮೆಷಿನ್ ನಾಲ್ಕೈದು ಇದ್ದು, ಜಾಗವೂ ಸ್ವಲ್ಪ ಧಾರಾಳವಾಗಿದ್ದರೆ ಪ್ರತಿಯೊಂದಕ್ಕೂ ಚಕ್ರ ಹಾಕಿಸುವ ಬದಲು ಒಂದು ಕೈ ಪ್ಯಾಲೆಟ್ ಟ್ರಕ್ ತೆಗೆದುಕೊಂಡರೆ ಹೇಗೆ ಅಂತ ಲೆಕ್ಕ ಹಾಕಿ. ಗೋಡೌನ್‌ಗಳಲ್ಲಿ ಹ್ಯಾಂಡಲ್ ಪಂಪ್ ಮಾಡಿ ಎತ್ತುತ್ತಾರಲ್ಲ, ಅದೇ. ಸಾಮಾನ್ಯವಾಗಿ 2.5 ಟನ್ ಎತ್ತುತ್ತದೆ. ಇಳಿಸಿದಾಗ ಅದರ ಫೋರ್ಕ್ ನೆಲದಿಂದ 85 ಎಂಎಂ ಎತ್ತರಕ್ಕಿರುತ್ತದೆ, ಪಂಪ್ ಮಾಡಿದರೆ 200 ಎಂಎಂ ತನಕ ಏರುತ್ತದೆ. ಎರಡು ಫೋರ್ಕ್ ಸೇರಿ ಹೊರ ಅಗಲ 550 ಅಥವಾ 685 ಎಂಎಂ. ಹಾಗಾಗಿ ನೀವು ಮಾಡಬೇಕಾದ ಬೇಸ್ ತುಂಬಾ ಸರಳ. ಮೆಷಿನ್ ಕೆಳಗೆ 100 ಎಂಎಂ ಖಾಲಿ ಜಾಗ ಉಳಿಯುವಂತೆ ಎರಡು ದಪ್ಪ ಮರದ ದಿಮ್ಮಿ, ಅವುಗಳ ನಡುವೆ ಫೋರ್ಕ್ ನುಗ್ಗುವಷ್ಟು ಅಗಲ. ಹಳೆಯ ಮತ್ತಿ ಮರದ ತೊಲೆ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮೆಷಿನ್ ಅಡಿಯಲ್ಲಿ ಮೊದಲೇ ಅಷ್ಟು ಸಂದು ಇದ್ದರೆ ಬೇಸೇ ಬೇಡ.

ಕುಂದುಗಳೂ ಇವೆ. ಟ್ರಕ್ಕೇ ಎಪ್ಪತ್ತು ಎಂಬತ್ತು ಕೆಜಿ ತೂಗುತ್ತದೆ, ಒಂದೂವರೆ ಮೀಟರ್ ಉದ್ದ ಇರುತ್ತದೆ, ಅದನ್ನು ನಿಲ್ಲಿಸಲು ಒಂದು ಜಾಗ, ತಿರುಗಿಸಲು ಇನ್ನೊಂದಷ್ಟು. ಫೋರ್ಕ್ ಕೆಳಗಿನ ಚಕ್ರಗಳು ಚಿಕ್ಕವು, ಪೇವರ್ ನೆಲದಲ್ಲಿ ಹೆಜ್ಜೆಗೊಮ್ಮೆ ತಡೆಯುತ್ತವೆ. ಮನೆಯ ಶೆಡ್ಡಿಗೆ ಇದು ಜಾಸ್ತಿಯಾಯಿತು ಅನ್ನಿಸಬಹುದು. ಆದರೆ ಬಾಡಿಗೆ ಶೆಡ್ಡಿನಲ್ಲಿ ಫರ್ನಿಚರ್ ಕೆಲಸ ಮಾಡುವವರಿಗೆ, ಎರಡು ಮೂರು ವರ್ಷಕ್ಕೊಮ್ಮೆ ಜಾಗ ಬದಲಾಯಿಸುವವರಿಗೆ, ನಾನು ಹೇಳುವುದು ಇದನ್ನೇ. ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಪಂಪ್ ಮಾಡಿ ಭಾರ ಎತ್ತಿ, ಹತ್ತು ನಿಮಿಷ ಹಾಗೇ ಬಿಟ್ಟು, ತಾನೇ ಇಳಿಯುತ್ತದಾ ನೋಡಿ ಕೊಳ್ಳಿ. ಇಳಿದರೆ ಸೀಲ್ ಹೋಗಿದೆ ಅಂತ ಅರ್ಥ.

ಚಕ್ರವೇ ಬೇಡದ ಸಂದರ್ಭ

ವರ್ಷಕ್ಕೊಮ್ಮೆ ಸರಿಸಲು ಒಂದು ಹಾರೆ, ಒಂದು ಇಂಚಿನ ಜಿಐ ಪೈಪಿನ ಮೂರು ನಾಲ್ಕು ತುಂಡು ಸಾಕು. ಹಾರೆಯಿಂದ ಮೀಟು, ಪೈಪ್ ತೂರಿಸು, ತಳ್ಳು, ಹಿಂದೆ ಉಳಿದ ಪೈಪ್ ಎತ್ತಿ ಮುಂದೆ ಹಾಕು. ಎಷ್ಟೋ ಟನ್ ಭಾರದ ಮೆಷಿನ್‌ಗಳನ್ನು ಇವತ್ತಿಗೂ ಹೀಗೇ ಸರಿಸುತ್ತಾರೆ. ನೂರು ಕೆಜಿ ಒಳಗಿನದ್ದು, ನೆಲ ನುಣುಪಿನ ಟೈಲ್ಸ್ ಆದರೆ, ಕಾಲುಗಳ ಕೆಳಗೆ ಮಡಚಿದ ಗೋಣಿಚೀಲ ತೂರಿಸಿ ಎಳೆದರೂ ಬರುತ್ತದೆ.

ಚಕ್ರ ಆರಿಸುವಾಗ

ಭಾರದ ಲೆಕ್ಕದಲ್ಲಿ ನಾಲ್ಕು ಚಕ್ರ ಇದ್ದರೂ ಮೂರರಿಂದ ಭಾಗಿಸಿ. ನೆಲ ಅಂಕುಡೊಂಕು ಇರುವ ಕಡೆ ಒಂದು ಚಕ್ರ ಗಾಳಿಯಲ್ಲಿರುತ್ತದೆ, ಭಾರ ಉಳಿದ ಮೂರರ ಮೇಲೆ. 300 ಕೆಜಿ ಮೆಷಿನ್ ಅಂದರೆ ಚಕ್ರಕ್ಕೆ 100 ಕೆಜಿ. ಅದರ ಮೇಲೆ ಅರ್ಧ ಸೇರಿಸಿ 150 ಕೆಜಿ ತಡೆಯುವುದನ್ನು ಕೇಳಿ ತನ್ನಿ. ಬೆಂಗಳೂರಿನವರಾದರೆ ಎಸ್.ಜೆ.ಪಿ. ರೋಡಿನ ಕಡೆ ಹೋದರೆ ಎಲ್ಲ ಬಗೆಯದ್ದನ್ನೂ ಕೈಯಲ್ಲಿ ಹಿಡಿದು ನೋಡಬಹುದು, ಆನ್‌ಲೈನ್ ಫೋಟೋದಲ್ಲಿ 2 ಎಂಎಂ ತಗಡಿಗೂ 4 ಎಂಎಂ ತಗಡಿಗೂ ವ್ಯತ್ಯಾಸ ಕಾಣುವುದಿಲ್ಲ.

ಮೇಲ್ಮೈ ವಿಷಯಕ್ಕೆ ಬಂದರೆ, ಬಿಳಿ ನೈಲಾನ್ ಚಕ್ರ ಗಟ್ಟಿ, ಸಲೀಸಾಗಿ ಉರುಳುತ್ತದೆ, ಆದರೆ ಟೈಲ್ಸ್ ಮೇಲೆ ಬ್ರೇಕ್ ಹಾಕಿದರೂ ಜಾರುತ್ತದೆ, ಸದ್ದೂ ಜಾಸ್ತಿ. ರಬ್ಬರ್ ಹಿಡಿತ ಚೆನ್ನಾಗಿದೆ, ಸದ್ದಿಲ್ಲ, ಆದರೆ ಭಾರ ಹೊತ್ತು ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ಕೆಳಗೆ ಚಪ್ಪಟೆಯಾಗುತ್ತದೆ, ಲೇತ್‌ನ ಕಬ್ಬಿಣದ ಚೂರುಗಳು ಅದರೊಳಗೆ ಚುಚ್ಚಿಕೊಳ್ಳುತ್ತವೆ. ಒಳಗೆ ಎರಕದ ಕಬ್ಬಿಣ, ಮೇಲೆ ಪಿಯು (ಪಾಲಿಯುರೆಥೇನ್) ಸುತ್ತಿರುವ ಚಕ್ರ ಎರಡರ ನಡುವಿನದ್ದು. ದುಡ್ಡು ಇದಕ್ಕೇ ಹಾಕಿ.

ನಾಲ್ಕೂ ತಿರುಗುವ ಚಕ್ರವೋ, ಎರಡು ಫಿಕ್ಸೆಡ್ಡೋ? ನಾಲ್ಕೂ ತಿರುಗಿದರೆ ಅಡ್ಡಡ್ಡ ಜರುಗಿಸಿ ಗೋಡೆಗೆ ಒತ್ತರಿಸಬಹುದು. ಆದರೆ ಇಳಿಜಾರಿನಲ್ಲಿ ಅದು ನಮ್ಮ ಮಾತು ಕೇಳುವುದಿಲ್ಲ. ಹಗುರಾದದ್ದಕ್ಕೆ ನಾಲ್ಕೂ ತಿರುಗಲಿ, 200 ಕೆಜಿ ದಾಟಿದರೆ ಎರಡು ಫಿಕ್ಸೆಡ್ ಇರಲಿ.

ಉದ್ದನೆಯ ಮೆಷಿನ್‌ಗಳ ವಿಷಯ ಬೇರೆ

ಪಿಲ್ಲರ್ ಡ್ರಿಲ್ಲಿಂಗ್ ಮೆಷಿನ್, ಬ್ಯಾಂಡ್‌ಸಾ ಇವು ತಲೆಭಾರದವು. ಮೋಟರ್, ಪುಲ್ಲಿ, ಎರಕದ ತಲೆ ಎಲ್ಲ ಮೇಲೆ. ಡ್ರಿಲ್ಲಿಂಗ್ ಮೆಷಿನ್‌ನ ಬುಡ 300 ಎಂಎಂ ಅಗಲ, ಭಾರದ ಕೇಂದ್ರ ನೆಲದಿಂದ 900 ಎಂಎಂ ಎತ್ತರದಲ್ಲಿದೆ ಅಂದುಕೊಳ್ಳಿ. ಒಂಬತ್ತು ಹತ್ತು ಡಿಗ್ರಿ ವಾಲಿದರೆ ಅದು ಬಿದ್ದೇ ಹೋಗುತ್ತದೆ. ಬುಡವನ್ನು 600 ಎಂಎಂ ಮಾಡಿದರೆ ಹದಿನೆಂಟು ಡಿಗ್ರಿ ತನಕ ತಡೆಯುತ್ತದೆ. ಅಗಲದ ಅಳತೆ ಹಿಡಿಯುವಾಗ ಚೌಕಟ್ಟಿನ ಅಂಚಿಂದ ಅಲ್ಲ, ಚಕ್ರ ನೆಲ ಮುಟ್ಟುವ ಜಾಗದಿಂದ ಹಿಡಿಯಿರಿ. ಅದರಲ್ಲೂ ತಿರುಗುವ ಕ್ಯಾಸ್ಟರ್ ಒಳಮುಖವಾಗಿ ತಿರುಗಿದ್ದಾಗ ಎಷ್ಟು ಉಳಿಯುತ್ತದೆ ಅದೇ ನಿಜವಾದ ಅಗಲ. 4 ಇಂಚಿನ ಕ್ಯಾಸ್ಟರ್‌ನಲ್ಲಿ ಚಕ್ರದ ಅಚ್ಚು ತಟ್ಟೆಯ ನಡುವಿಂದ ಒಂದೂವರೆ ಇಂಚಿನಷ್ಟು ಪಕ್ಕಕ್ಕಿರುತ್ತದೆ. ಹೊರಮುಖ ಇದ್ದದ್ದು ಒಳಮುಖ ಆದರೆ ಒಂದು ಬದಿಗೇ ಮೂರು ಇಂಚು ಹೋಯಿತು.

ಉರುಳುವುದು ಯಾವಾಗ? ಸರಾಗವಾಗಿ ಹೋಗುತ್ತಿರುವಾಗಲೇ. ಕೈಯನ್ನು ಮೆಷಿನ್ ತಲೆಯ ಮಟ್ಟದಲ್ಲಿಟ್ಟು ತಳ್ಳುತ್ತಿರುತ್ತೀರಿ, ಮುಂದಿನ ಚಕ್ರಕ್ಕೆ ಒಂದು ಕಡಲೆಕಾಳಿನಷ್ಟು ಜಲ್ಲಿ ಅಡ್ಡ ಬರುತ್ತದೆ, ಬುಡ ನಿಲ್ಲುತ್ತದೆ, ತಲೆ ನಿಲ್ಲುವುದಿಲ್ಲ. ಅದಕ್ಕೇ ದಾರಿ ಗುಡಿಸಿಕೊಂಡು ಸರಿಸಿ, ಸೊಂಟಕ್ಕಿಂತ ಕೆಳಗೆ ಹಿಡಿದು ತಳ್ಳಿ, ಡ್ರಿಲ್ಲಿಂಗ್ ಟೇಬಲ್ ಅನ್ನು ಕೆಳಕ್ಕೆ ಇಳಿಸಿಕೊಳ್ಳಿ. ಬೇಸ್ ಮೇಲೆ ಎರಡು ಮರಳು ಚೀಲ ಇಟ್ಟರೂ ಭಾರದ ಕೇಂದ್ರ ಕೆಳಗಿಳಿಯುತ್ತದೆ. ಮೆಷಿನ್ ಬೀಳಲು ಶುರುವಾದರೆ ಹಿಡಿಯಲು ಹೋಗಬೇಡಿ, ಬಿಟ್ಟು ಹಿಂದೆ ಸರಿಯಿರಿ. ಎರಕ ಒಡೆದರೆ ಒಡೆಯಲಿ.

ಲೇತ್‌ಗೆ ಚಕ್ರ ಬೇಡ, ಇದರಲ್ಲಿ ಚರ್ಚೆಯೇ ಇಲ್ಲ. ಲೇತ್‌ನ ಬೆಡ್ ತಿರುಚದ ಹಾಗೆ ಮಟ್ಟ ಮಾಡಿ ಕೂರಿಸಿರುತ್ತಾರೆ. ಒಂದು ಕಾಲು ಒಂದಿಷ್ಟು ಇಳಿದರೂ ಬೆಡ್ ತಿರುಚಿ ಕೆಲಸ ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ) ಬರುತ್ತದೆ. ಸರಿಸಿದಾಗಲೆಲ್ಲ ಮತ್ತೆ ಮಟ್ಟ ಮಾಡುವ ತಾಳ್ಮೆ ಇದ್ದವರು ಹಾಕಿಕೊಳ್ಳಲಿ.

ಮರವೋ ಕಬ್ಬಿಣವೋ

ವೆಲ್ಡಿಂಗ್ ಬಾರದವರು ಮರದಲ್ಲೂ ಮಾಡಬಹುದು. 18 ಎಂಎಂ ಪ್ಲೈವುಡ್ ಎರಡು ಪದರ ಅಂಟಿಸಿದರೆ 36 ಎಂಎಂ, ಡ್ರಿಲ್ಲಿಂಗ್ ಮೆಷಿನ್‌ಗೆ, ಬೆಂಚ್ ಗ್ರೈಂಡರ್‌ಗೆ ಧಾರಾಳ. ಐಎಸ್ 710 ಮುದ್ರೆ ಇರುವ ಪ್ಲೈವುಡ್ ನೀರು ತಡೆಯುತ್ತದೆ, ಐಎಸ್ 303ರ ಎಂಆರ್ ಗ್ರೇಡ್ (ತೇವ ಮಾತ್ರ ತಡೆಯುವಂಥದ್ದು) ಒಳಮನೆಗೆ ಸರಿ, ಮಳೆ ಇರಚಲು ಬೀಳುವ ಶೆಡ್ಡಿಗಲ್ಲ. ಮಲೆನಾಡು, ಕರಾವಳಿ ಕಡೆಯವರಿಗೆ ಗೆದ್ದಲಿನ ಬಗ್ಗೆ ಬೇರೆ ಹೇಳಬೇಕಿಲ್ಲ. ನೆಲಕ್ಕೆ ಅರ್ಧ ಇಂಚು ಮೇಲೆ ಆರು ತಿಂಗಳು ಅಲ್ಲಾಡದೆ ಕೂತ ಮರ ಅಂದರೆ ಗೆದ್ದಲಿಗೆ ಹಬ್ಬ. ಅಲ್ಲಿ ಕಬ್ಬಿಣವೇ ಸರಿ, ಎರಡು ಕೋಟ್ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು. ಯಾವುದೇ ಆಗಲಿ ಕ್ಯಾಸ್ಟರ್ ಅನ್ನು ಮರದ ಸ್ಕ್ರೂನಲ್ಲಿ ಕೂರಿಸಬೇಡಿ. ಆರಪಾರ ಬೋಲ್ಟ್, ವಾಷರ್, ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ ನಟ್). ಮಾಮೂಲಿ ನಟ್ ಮೆಷಿನ್‌ನ ಅದುರಿಗೆ ಸಡಿಲವಾಗುತ್ತದೆ.

ಒಟ್ಟಿನಲ್ಲಿ ನನ್ನ ಆಯ್ಕೆ ಕೇಳಿದರೆ: ದಿನಾ ಸರಿಸುವ ಪ್ಲೇನಿಂಗ್ ಮೆಷಿನ್, ಟೇಬಲ್ ಸಾ ಇವಕ್ಕೆ ಎರಡು ಚಕ್ರ ಮತ್ತು ಮೀಟುಗೋಲು. ಬ್ಯಾಂಡ್‌ಸಾ, ಡ್ರಿಲ್ಲಿಂಗ್‌ಗೆ ಅಗಲವಾದ ತಗ್ಗಿನ ಫ್ರೇಮ್, ಎರಡು ಫಿಕ್ಸೆಡ್, ಎರಡು ಟೋಟಲ್ ಲಾಕ್. ಮೇಲೆ 200 ಕೆಜಿ ಅಂದೆನಲ್ಲ, ಇವು ಹಗುರಾಗಿದ್ದರೂ ತಲೆಭಾರದ ಕಾರಣಕ್ಕೆ ಎರಡು ಫಿಕ್ಸೆಡ್ ಇರಲಿ. ಬೆಂಚಿಗೆ ತುಳಿಯುವ ಬೇಸ್. ಮಿಕ್ಕ ಸಣ್ಣಪುಟ್ಟದ್ದಕ್ಕೆ ಕಾಲಿಗೇ ಕ್ಯಾಸ್ಟರ್.

ಕೂರಿಸುವಾಗ

ಬೇಸ್ ರೆಡಿ ಆದಮೇಲೆ ಮೆಷಿನ್ ಅದರ ಮೇಲೆ ಹತ್ತಿಸುವುದೇ ದೊಡ್ಡ ಕೆಲಸ. ಒಂದು ಬದಿ ಹಾರೆಯಿಂದ ಒಂದು ಇಂಚು ಮೀಟಿ, ಮರದ ತುಂಡು ಕೊಡಿ, ಇನ್ನೊಂದು ಬದಿ ಅಷ್ಟೇ ಎತ್ತಿ, ಹೀಗೆ ಸ್ವಲ್ಪ ಸ್ವಲ್ಪವೇ. ತುಂಡು ತೂರಿಸಲು ಕೈ ಒಳಗೆ ಹಾಕಬೇಡಿ, ಇನ್ನೊಂದು ಕೋಲಿನಿಂದ ತಳ್ಳಿ. ಚೈನ್ ಪುಲ್ಲಿ ಇದ್ದರೆ ಸಲೀಸು, ಆದರೆ ಅದನ್ನು ಸೂರಿನ ಫ್ಯಾನ್ ಕೊಕ್ಕೆಗೆ ತಗುಲಿಸುವವರನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತದೆ. ಆ ಕೊಕ್ಕೆ ಇರುವುದು ಫ್ಯಾನಿಗೆ.

ವೈರ್ ಮರೆಯಬೇಡಿ. ಸರಿಸುವ ಮೊದಲು ಪ್ಲಗ್ ಕಿತ್ತು ವೈರ್ ಮೆಷಿನ್ ಮೇಲೇ ಸುತ್ತಿಡಿ, ಇಲ್ಲದಿದ್ದರೆ ಚಕ್ರ ಅದರ ಮೇಲೇ ಹತ್ತುತ್ತದೆ. ಓಡಾಡುವ 2 ಎಚ್‌ಪಿ ಸಿಂಗಲ್ ಫೇಸ್ ಮೆಷಿನ್‌ಗೆ 2.5 ಸ್ಕ್ವೇರ್ ಎಂಎಂನ ಮೂರು ಕೋರ್ ಫ್ಲೆಕ್ಸಿಬಲ್ ಕೇಬಲ್, 16 ಆಂಪ್ ಮೂರು ಪಿನ್ ಪ್ಲಗ್. ಅರ್ತಿಂಗ್ ಸರಿಯಾಗಿ ಬರುತ್ತಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿ.

ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲೇ ಕ್ಯಾಸ್ಟರ್ ಕೊಂಡಿರಬೇಕು, ಅದನ್ನು ಕೈಯಲ್ಲೇ ಹಿಡಿದು ಹೋಗಿ. 4 ಇಂಚು ಅಂತ ಬಾಯಲ್ಲಿ ಹೇಳಿದರೆ ಸಾಲದು, ತಟ್ಟೆಯ ತೂತುಗಳ ಅಂತರ ಕಂಪನಿಗೊಂದು ಥರ ಇರುತ್ತದೆ, ಒಟ್ಟು ಎತ್ತರವೂ ಅಷ್ಟೇ. ಮೆಷಿನ್‌ನ ನಾಲ್ಕು ಕಾಲಿನ ಹೊರ ಅಳತೆ, ಎರಡೂ ಕರ್ಣ, ಬುಡದಲ್ಲಿ ಅಡ್ಡ ಬರುವ ಮೋಟರ್ ಅಥವಾ ಹೊಟ್ಟು ಬೀಳುವ ಬಾಯಿ ಎಲ್ಲಿದೆ ಅನ್ನುವುದು, ಇಷ್ಟನ್ನು ಒಂದು ಹಾಳೆಯಲ್ಲಿ ಗೀಚಿಕೊಂಡು ಹೋಗಿ. ಕಾಲಿನ ಅಳತೆಗೆ ಎಲ್ಲ ಕಡೆ 5 ಎಂಎಂ ಸಡಿಲ ಸೇರಿಸಿ ಹೇಳಿ. ಆ ಸಡಿಲವನ್ನು ಆಮೇಲೆ ರಬ್ಬರ್ ಪಟ್ಟಿ ತುರುಕಿ ಮುಚ್ಚಬಹುದು, ಬಿಗಿಯಾಗಿ ಮಾಡಿಸಿದರೆ ಗ್ರೈಂಡರ್ ಹಿಡಿದು ಉಜ್ಜುತ್ತಾ ಕೂರಬೇಕು.